ಸಪ್ತಶೃಂಗಿ ಗಡದ ಫ್ಯುನಿಕ್ಯುಲರ್ ರೈಲು

ಮಹಾರಾಷ್ಟ್ರದ ನಾಶಿಕ್ ಜಿಲ್ಲೆಯ ವಣಿ ಬಳಿಯ ಸಪ್ತಶೃಂಗಿ ಗಡದಲ್ಲಿ ಭಕ್ತರನ್ನು ದೇವಿಯ ಗುಡಿಗೆ ಏರಿಸಿ ಇಳಿಸುವ ಹಗ್ಗದ ರೈಲು. ಇದನ್ನು 2018ರ ಜುಲೈಯಲ್ಲಿ ಆಗಿನ ಮುಖ್ಯಮಂತ್ರಿ ದೇವೇಂದ್ರ ಫಡಣವೀಸ್ ಉದ್ಘಾಟಿಸಿದರು.

ಮಹಾರಾಷ್ಟ್ರದಲ್ಲಿ ಶಕ್ತಿಪೀಠಗಳನ್ನು ಮೂರೂವರೆ ಎಂದು ಎಣಿಸುತ್ತಾರೆ. ಕೊಲ್ಹಾಪುರ, ತುಳಜಾಪುರ, ಮಾಹೂರು ಮೂರು, ಸಪ್ತಶೃಂಗಿ ಉಳಿದರ್ಧ. ತುಳಜಾಪುರದಲ್ಲಿ ಮೆಟ್ಟಿಲಿಳಿದು ಹೋದರೆ ಅಂಬಾಭವಾನಿಯ ದರ್ಶನ. ಸಪ್ತಶೃಂಗಿಯಲ್ಲಿ ಏರಬೇಕು. ಹದಿನೆಂಟು ಕೈಗಳ, ಸಿಂಧೂರ ಬಳಿದ ದೇವಿಯ ಮೂರ್ತಿ ಕಡಿದಾದ ಬಂಡೆಗೋಡೆಯಲ್ಲಿದೆ. ಗಡದ ಮೇಲಿನ ಊರಿನವರೆಗೆ ಬಸ್ಸು ಹೋಗುತ್ತದೆ. ಅಲ್ಲಿಂದ ಮುಂದೆ ಸುಮಾರು 500 ಮೆಟ್ಟಿಲು. ಇವುಗಳನ್ನು 18ನೇ ಶತಮಾನದಲ್ಲಿ ಕಟ್ಟಿಸಿದ ಕೀರ್ತಿ ಮರಾಠಾ ಸೇನಾಪತಿ ಮನೆತನದ ಉಮಾಬಾಯಿ ದಾಭಾಡೆಗೆ ಸಲ್ಲುತ್ತದೆ. ಮಂಡಿನೋವಿನವರಿಗೆ, ಬಸುರಿಯರಿಗೆ, ಕೂಸನ್ನೆತ್ತಿಕೊಂಡ ತಾಯಂದಿರಿಗೆ ಕಷ್ಟವಾಗುತ್ತಿದ್ದುದು ಈ ಕೊನೆಯ ಏರು. ರೈಲು ಬಂದದ್ದು ಇವರಿಗಾಗಿ ಎನ್ನುವುದೇ ಸರಿ. ಈಗ ಅದೇ ಏರು ಕೆಲವೇ ನಿಮಿಷದ ದಾರಿ.

ಲ್ಯಾಟಿನ್‌ನಲ್ಲಿ ‘ಫ್ಯುನಿಕ್ಯುಲಸ್’ ಎಂದರೆ ಸಣ್ಣ ಹಗ್ಗ. ಇಂಥ ರೈಲಿನ ಡಬ್ಬಿಗೆ ಎಂಜಿನ್ ಇರುವುದಿಲ್ಲ. ಬಾವಿಯ ರಾಟೆಗೆ ಎರಡು ಕೊಡ ಕಟ್ಟಿದರೆ ಒಂದು ಇಳಿಯುವಾಗ ಇನ್ನೊಂದು ಏರುವಂತೆ, ಒಂದೇ ಉಕ್ಕಿನ ಹಗ್ಗದ ಎರಡು ತುದಿಗೆ ಎರಡು ಡಬ್ಬಿ. ಒಂದರ ಭಾರವನ್ನು ಇನ್ನೊಂದು ಹೊರುವುದರಿಂದ ಮೇಲಿನ ಯಂತ್ರ ಎಳೆಯಬೇಕಾದದ್ದು ಜನರ ತೂಕದ ಹೆಚ್ಚುಕಡಿಮೆಯನ್ನು, ಜೊತೆಗೆ ಉಜ್ಜಾಟವನ್ನು ಮಾತ್ರ.

ಪಟ್ಟಣದ ಜನರಿಗಾಗಿ ಮೊದಲು ಇಂಥ ರೈಲು ಓಡಿದ್ದು 1862ರಲ್ಲಿ, ಫ್ರಾನ್ಸಿನ ಲಿಯೋನ್‌ನಲ್ಲಿ. ಒಂಟಿ ಹಳಿಜೋಡಿಯ ನಡುವೆ ಎರಡು ಡಬ್ಬಿಗಳು ಡಿಕ್ಕಿಯಾಗದೆ ಹಾದುಹೋಗುವ ಕವಲನ್ನು 1879ರಲ್ಲಿ ಸ್ವಿಟ್ಜರ್‌ಲೆಂಡಿನ ಗೀಸ್‌ಬಾಖ್‌ನಲ್ಲಿ ಕಾರ್ಲ್ ರೋಮನ್ ಆಪ್ಟ್ ರೂಪಿಸಿದ. ನೀಲಗಿರಿ ರೈಲು ಕೂನೂರಿನ ಏರನ್ನು ಹತ್ತುವುದು ಇದೇ ಆಪ್ಟ್‌ನ ಹಲ್ಲುಹಳಿ ಹಿಡಿದು.

ಸಪ್ತಶೃಂಗಿಯದು ದೇಶದಲ್ಲೇ ಮೊದಲನೆಯದೆಂಬ ಪ್ರಚಾರವನ್ನು ಒಪ್ಪುವುದು ಕಷ್ಟ. ತಮಿಳುನಾಡಿನ ಪಳನಿ ಬೆಟ್ಟದಲ್ಲಿ ‘ವಿಂಚ್’ ಎಂದೇ ಜನ ಕರೆಯುವ ಹಗ್ಗದ ರೈಲು 1966ರಿಂದಲೇ ಮುರುಗನ ಭಕ್ತರನ್ನು ಹೊರುತ್ತಿದೆ.

ಉಮಾಬಾಯಿಯ ಮೆಟ್ಟಿಲುಗಳು ಇಂದಿಗೂ ಬಳಕೆಯಲ್ಲಿವೆ. ಚೈತ್ರದ ಜಾತ್ರೆಗೆ ಖಾನದೇಶದಿಂದ ದಿನಗಟ್ಟಲೆ ನಡೆದು ಬರುವ ಹರಕೆಯವರು ಆ ದಾರಿಯಲ್ಲೇ ಏರುತ್ತಾರೆ.