ಹೆಸರು ಮರೆತ ಉಪಕರಣಗಳು: ಬೆಳಗಾವಿ–ಖಾನಾಪುರ ಪರಿಸರದ ಒಂದು ಅವಲೋಕನ

ಒಂದು ನಾಡಿನ ಇತಿಹಾಸವನ್ನು ಅರಿಯಲು ಶಾಸನ, ತಾಮ್ರಪಟ, ನಾಣ್ಯ, ಕಡತಗಳು ಮುಖ್ಯ ಆಕರಗಳೆಂಬುದು ಸರ್ವವಿದಿತ. ಬೆಳಗಾವಿ ಪರಿಸರದಲ್ಲಿ ಇಂಥ ಆಕರಗಳಿಗೆ ಕೊರತೆಯಿಲ್ಲ. ಖಾನಾಪುರ ತಾಲೂಕಿನ ಹಲಸಿಯಲ್ಲಿ ದೊರೆತ ಕದಂಬರ ತಾಮ್ರಪಟಗಳೂ, ವೇಣುಗ್ರಾಮವೆನಿಸಿದ್ದ ಬೆಳಗಾವಿಯ ರಟ್ಟರ ಕಾಲದ 1204ರ ಶಿಲಾಶಾಸನಗಳೂ ವಿದ್ವಾಂಸರ ಪರಿಶೀಲನೆಗೆ ಒಳಗಾಗಿವೆ. ಆದರೆ ಇವು ದಾನ ಕೊಟ್ಟವರನ್ನೂ ಪಡೆದವರನ್ನೂ ಹೆಸರಿಸುತ್ತವೆಯೇ ಹೊರತು, ದಾನದ ಭೂಮಿಯನ್ನು ಬಿತ್ತಿದವನ ಕೈಯಲ್ಲಿ ಏನಿತ್ತು, ಅವನ ಮನೆಯ ಹೆಣ್ಣುಮಗಳು ಕಾಳನ್ನು ಹೇಗೆ ಹಿಟ್ಟು ಮಾಡಿದಳು ಎಂಬುದನ್ನು ವಿವರಿಸುವುದಿಲ್ಲ. ಅದನ್ನು ಹೇಳಬಲ್ಲವು ಉಪಕರಣಗಳೇ. ಅವು ಇಂದು ಹಳೆಯ ಮನೆಗಳ ಅಟ್ಟದ ಮೇಲೆ, ದನದ ಹಕ್ಕೆಯ ಮೂಲೆಯಲ್ಲಿ, ಗುಜರಿ ಅಂಗಡಿಯ ರಾಶಿಯಲ್ಲಿ ಬಿದ್ದಿವೆ. ವಸ್ತು ಉಳಿದು ಅದರ ಹೆಸರೂ ಬಳಕೆಯೂ ಮರೆತುಹೋದಾಗ ಅದು ಬರಿಯ ಕಟ್ಟಿಗೆ, ಬರಿಯ ಕಬ್ಬಿಣವಾಗುತ್ತದೆ.

ಅಪರಿಚಿತ ಉಪಕರಣವೊಂದರ ಪ್ರಯೋಜನವನ್ನು ನಿರ್ಣಯಿಸಲು ಮೂರು ಸಾಕ್ಷ್ಯಗಳು ನೆರವಾಗುತ್ತವೆ. ಮೊದಲನೆಯದು ಸವೆತದ ಗುರುತು. ಕೈ ಹಿಡಿದ ಕಡೆಯ ನುಣುಪು, ಹಗ್ಗ ಎಳೆದ ಕಡೆಯ ಗೆರೆ, ಪೆಟ್ಟು ಬಿದ್ದ ಕಡೆಯ ತಗ್ಗು ಸುಳ್ಳಾಡುವುದಿಲ್ಲ. ಎರಡನೆಯದು ವಸ್ತು ದೊರೆತ ನೆಲ ಮತ್ತು ಅಲ್ಲಿಯ ಬೆಳೆ. ಮೂರನೆಯದು ಜನರ ಬಾಯಲ್ಲಿರುವ ಹೆಸರು. ಆಕಾರವೊಂದನ್ನೇ ನಂಬಿ ನಿರ್ಣಯಿಸಹೊರಟರೆ ಪ್ರಮಾದ ತಪ್ಪಿದ್ದಲ್ಲ.

ಇದಕ್ಕೆ ಕೂರಿಗೆಯ ಬಟ್ಟಲು ಉತ್ತಮ ನಿದರ್ಶನ. ಬಿಡಿಯಾಗಿ ದೊರೆತ ಈ ಕಟ್ಟಿಗೆಯ ಬಟ್ಟಲು, ತಳದಲ್ಲಿ ಮೂರು ನಾಲ್ಕು ರಂಧ್ರಗಳಿರುವುದರಿಂದ, ಸೋಸುವ ಪಾತ್ರೆಯಂತೆ ತೋರುತ್ತದೆ. ಆದರೆ ರಂಧ್ರಗಳು ನೀರು ಸೋಸಲು ತೀರ ದೊಡ್ಡವು. ಒಳಮೈ ಕಾಳು ಜಾರಿ ನುಣುಪಾಗಿದೆ. ಪ್ರತಿ ರಂಧ್ರಕ್ಕೂ ಒಂದೊಂದು ಬಿದಿರಿನ ಕೊಳವೆ ಸೇರಿ, ಆ ಕೊಳವೆಯ ತುದಿ ಕೂರಿಗೆಯ ತಾಳಿಗೆ ಇಳಿಯುತ್ತಿತ್ತು. ಬಿತ್ತುವ ಹೆಣ್ಣುಮಗಳು ಬಟ್ಟಲಿಗೆ ಹಿಡಿಹಿಡಿಯಾಗಿ ಬೀಜ ಬಿಡುತ್ತಿದ್ದಳು. ಅದು ಸಮನಾಗಿ ಹಂಚಿಕೊಂಡು ಸಾಲುಗಳಲ್ಲಿ ಬೀಳುತ್ತಿತ್ತು. ಸಾಲು ಬಿತ್ತನೆಯ ಯಂತ್ರವನ್ನು ಇಂಗ್ಲೆಂಡಿನಲ್ಲಿ 18ನೆಯ ಶತಮಾನದ ಆರಂಭದಲ್ಲಿ ಜೆತ್ರೊ ಟಲ್ ರೂಪಿಸಿದನು. ಅದೇ ಶತಮಾನದ ಕೊನೆಯ ದಶಕದಲ್ಲಿ ಕ್ಯಾಪ್ಟನ್ ಹಾಲ್ಕಾಟ್ ಎಂಬ ಅಧಿಕಾರಿ ಆಂಧ್ರ ಸೀಮೆಯ ರೈತರ ಕೂರಿಗೆಯನ್ನು ಕಂಡು, ತಾನು ಯುರೋಪಿನ ಹೊಸ ಶೋಧವೆಂದು ಭಾವಿಸಿದ್ದ ಸಾಧನ ಇಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆಯೆಂದು ವರದಿ ಮಾಡಿದನು. ರಂಧ್ರವಿರುವ ಆ ಬಟ್ಟಲಿನ ಹಿಂದೆ ಇಂಥ ಹಿರಿಯ ಜ್ಞಾನಪರಂಪರೆಯಿದೆ.

ನೆಲದ ಸಾಕ್ಷ್ಯಕ್ಕೆ ಖಾನಾಪುರ ತಾಲೂಕೇ ಪಾಠಶಾಲೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ ಸಹ್ಯಾದ್ರಿಯ ಭಾರಿ ಮಳೆ, ಭತ್ತದ ಗದ್ದೆ. ಪೂರ್ವಕ್ಕೆ ಸರಿದಂತೆ ಮಳೆ ಕುಗ್ಗಿ ಬೆಳವಲದ ಜೋಳ, ಹತ್ತಿ. ಪಶ್ಚಿಮದ ಹಳ್ಳಿಯ ಗೋಡೆಗೆ ತೂಗುಹಾಕಿದ, ಬಿದಿರಿನ ಸೀಳು ಮತ್ತು ಎಲೆಗಳಿಂದ ಹೆಣೆದ ಉದ್ದನೆಯ ಗೂಡಿನಾಕಾರದ ವಸ್ತು ಬಯಲುಸೀಮೆಯವರಿಗೆ ತೊಟ್ಟಿಲಂತೆ ಕಾಣಬಹುದು. ಅದು ಮರಾಠಿಯಲ್ಲಿ ಇರ್ಲೆ, ಕನ್ನಡ ಮಲೆನಾಡಿನಲ್ಲಿ ಗೊರಬು. ಬಗ್ಗಿ ನಾಟಿ ಮಾಡುವವರ ತಲೆ ಬೆನ್ನುಗಳನ್ನು ಮಳೆಯಿಂದ ಕಾಯುತ್ತಿದ್ದ ಈ ಸಾಧನದಿಂದ ಎರಡೂ ಕೈಗಳು ಕೆಲಸಕ್ಕೆ ಬಿಡುವಾಗಿರುತ್ತಿದ್ದವು. ಕೊಡೆಗೆ ಆ ಗುಣವಿಲ್ಲ. ಪೂರ್ವದ ಹತ್ತಿ ಸೀಮೆಯಲ್ಲಿ ದೊರೆಯಬಹುದಾದ, ನಡುವೆ ದಪ್ಪವಾಗಿ ತುದಿಗಳಲ್ಲಿ ಸಪೂರವಾಗಿರುವ ಕಬ್ಬಿಣದ ಸರಳು ಲಟ್ಟಣಿಗೆಯೆಂಬ ಭ್ರಮೆ ಹುಟ್ಟಿಸುತ್ತದೆ. ವಾಸ್ತವದಲ್ಲಿ ಅದು ಹತ್ತಿಯಿಂದ ಬೀಜ ಬೇರ್ಪಡಿಸುವ ಸಾಧನ. ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರಡಿ, ಮಣೆಯ ಮೇಲೆ ಕುಳಿತು, ಅಂಗಾಲುಗಳಿಂದ ಈ ಸರಳನ್ನು ಉರುಳಿಸಲಾಗುತ್ತಿತ್ತು. 1840ರ ದಶಕದಲ್ಲಿ ಧಾರವಾಡದಲ್ಲಿ ಗರಗಸದ ಹಲ್ಲಿನ ಜಿನ್ನುಗಳು ಪ್ರವೇಶಿಸಿದ ಮೇಲೂ ಈ ಕಾಲುಸರಳು ಕೆಲಕಾಲ ಬಳಕೆಯಲ್ಲಿ ಉಳಿದಿತ್ತು.

ಖಾನಾಪುರದ ಮಣ್ಣು ಕುಂಬಾರಿಕೆಗೂ ಹಂಚಿಗೂ ಹೆಸರಾದುದು. ಕುಂಬಾರರ ಮನೆಯಲ್ಲಿ ಹಿಡಿಕೆಯುಳ್ಳ, ಅಣಬೆಯಾಕಾರದ ಸುಟ್ಟಮಣ್ಣಿನ ಗುಂಡೊಂದು ಕಾಣುತ್ತದೆ. ಪುರಾತನ ನೆಲೆಗಳ ಉತ್ಖನನದಲ್ಲೂ ಇಂಥವು ದೊರೆಯುತ್ತವೆ. ಬಳಕೆ ತಿಳಿಯದವನು ಇದನ್ನು ಮುಚ್ಚಳವೆಂದೋ ಅರೆಯುವ ಗುಂಡೆಂದೋ ಬಗೆದಾನು. ತಿಗರಿಯ ಮೇಲೆ ಗಡಿಗೆಯ ಬಾಯಿ, ಕಂಠ ಮಾತ್ರ ಪೂರ್ಣಗೊಳ್ಳುತ್ತವೆ. ಹಸಿ ಆರಿದ ಬಳಿಕ ಒಳಗೆ ಈ ಗುಂಡನ್ನು ಆನಿಸಿ, ಹೊರಗಿನಿಂದ ಹಲಗೆಯಿಂದ ತಟ್ಟಿತಟ್ಟಿ ಹೊಟ್ಟೆಯನ್ನು ಅಗಲಿಸಿ ತಳ ಕೂಡಿಸುತ್ತಾರೆ. ಗುಂಡಿನ ಉಬ್ಬುಮುಖ ಗಡಿಗೆಯ ಒಳಮೈಗೆ ಹೊಂದುವುದೇ ಇದಕ್ಕೆ ಪ್ರಮಾಣ. ಹರಿಹರನ ರಗಳೆಯಲ್ಲಿ ಕುಂಬಾರ ಗುಂಡಯ್ಯನು ಗಡಿಗೆಯನ್ನು ಬಾರಿಸಿ ಕುಣಿದಾಗ ಶಿವನೂ ಕುಣಿದನೆಂಬ ಪ್ರಸಂಗವಿದೆ. ಆ ನಾದ ನಿತ್ಯದ ಕಾಯಕದ ತಟ್ಟುವಿಕೆಯಿಂದಲೇ ಮೂಡಿದ್ದೆಂಬುದು ಉಪಕರಣವನ್ನು ಬಲ್ಲವನಿಗೆ ಹೆಚ್ಚು ಮನದಟ್ಟಾಗುತ್ತದೆ.

ಬೆಳಗಾವಿ ನಗರದ ವಡಗಾವಿ–ಮಾಧವಪುರದಲ್ಲಿ 1970ರ ದಶಕದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ನಡೆಸಿದ ಉತ್ಖನನದಿಂದ ಶಾತವಾಹನ ಕಾಲದ ಪಟ್ಟಣ ಬೆಳಕಿಗೆ ಬಂದಿತು. ದಖ್ಖನಿನಲ್ಲಿ ತಿರುಗುವ ಬೀಸುಕಲ್ಲು ಕಾಣಿಸಿಕೊಂಡುದೂ ಆ ಯುಗದಲ್ಲಿಯೇ. ಅದಕ್ಕೆ ಮುಂಚೆ ತಗ್ಗಾದ ಕಲ್ಲಿನ ಮೇಲೆ ಗುಂಡನ್ನು ಹಿಂದೆ ಮುಂದೆ ಉಜ್ಜಿ ಕಾಳು ಅರೆಯುತ್ತಿದ್ದರು. ಆದ್ದರಿಂದ ಕಲ್ಲಿನ ಮೇಲಿನ ಸವೆತ ಉದ್ದವಾಗಿದೆಯೋ ವೃತ್ತಾಕಾರವಾಗಿದೆಯೋ ಎಂಬ ಸಣ್ಣ ಸಂಗತಿಯೇ ಎರಡು ಯುಗಗಳನ್ನು ವಿಂಗಡಿಸಬಲ್ಲದು. ಅದೇ ವಡಗಾವಿ ಇಂದು ನೇಕಾರರ ನೆಲೆ. ಅಲ್ಲಿಯ ಹಳೆಯ ಲಾಳಿಗಳೂ ಕಾಲವನ್ನು ಸೂಚಿಸುತ್ತವೆ. ಕೈಯಿಂದ ಎಸೆಯುವ ಲಾಳಿಯ ತುದಿಗೆ ಲೋಹದ ಮೊನೆ ಬೇಕಿಲ್ಲ. ಹಗ್ಗ ಜಗ್ಗಿದಾಗ ಪೆಟ್ಟು ತಿಂದು ಓಡುವ ಲಾಳಿಗೆ ಅದು ಅಗತ್ಯ. 1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ರೂಪಿಸಿದ ಈ ಎರಡನೆಯ ಬಗೆ ನಮ್ಮ ಕೈಮಗ್ಗಗಳಲ್ಲಿ ವ್ಯಾಪಕವಾಗಿ ಹರಡಿದ್ದು 20ನೆಯ ಶತಮಾನದಲ್ಲಿ.

ಹೆಸರಿನ ಸಾಕ್ಷ್ಯ ಎಲ್ಲಕ್ಕಿಂತ ಬೇಗ ನಶಿಸುವಂಥದು. ಗಡಿಸೀಮೆಯ ಈ ಪ್ರದೇಶದಲ್ಲಿ ಒಂದೇ ವಸ್ತುವಿಗೆ ಕನ್ನಡ, ಮರಾಠಿಗಳಲ್ಲಿ ಎರಡು ಹೆಸರುಗಳಿವೆ: ಬೀಸುಕಲ್ಲಿಗೆ ಜಾತೆ, ಕಡಗೋಲಿಗೆ ರವಿ. ಒಂದು ನುಡಿ ಮರೆತುದನ್ನು ಇನ್ನೊಂದು ನುಡಿ ಕಾಪಾಡಿರಬಹುದು. ಸಂಗ್ರಾಹಕನಿಗೆ ಎರಡೂ ಬೇಕು. ಶರಣರ ಹೆಸರುಗಳನ್ನೇ ನೋಡಬಹುದು. ಕದಿರ ರೆಮ್ಮವ್ವೆ, ಕೊಟ್ಟಣದ ಸೋಮವ್ವೆ, ಸೂಜಿಕಾಯಕದ ರಾಮಿತಂದೆ, ನುಲಿಯ ಚಂದಯ್ಯ—ಇವು ಉಪಕರಣವನ್ನೂ ಕಾಯಕವನ್ನೂ ಹೊತ್ತ ನಾಮಗಳು. ಕದಿರೆಂದರೆ ನೂಲು ತೆಗೆಯುವ ಕಡ್ಡಿಯೆಂದೂ, ಕೊಟ್ಟಣವೆಂದರೆ ಭತ್ತ ಕುಟ್ಟುವುದೆಂದೂ ಅರಿಯದ ಓದುಗನಿಗೆ ಈ ಹೆಸರುಗಳು ಅರ್ಧ ಮೂಕವಾಗುತ್ತವೆ. ಆ ಕಾಯಕಗಳಿಂದ ರೂಪಕವನ್ನೆತ್ತಿಕೊಂಡ ವಚನಗಳ ಅರ್ಥವೂ ಮಸುಕಾಗುತ್ತದೆ.

ಅಳತೆಯ ಪಾತ್ರೆಗಳಿಗೆ ಒದಗಿದ ಗತಿ ಇದಕ್ಕೆ ಎಚ್ಚರಿಕೆ. 1956ರ ತೂಕ–ಅಳತೆಗಳ ಕಾಯಿದೆಯ ಬಳಿಕ ಮೆಟ್ರಿಕ್ ಪದ್ಧತಿ ನೆಲೆಗೊಂಡು, ಶತಮಾನಗಳ ವ್ಯವಹಾರವನ್ನು ಅಳೆದ ಸೇರು, ಪಾವು, ಚಟಾಕುಗಳು ಕೆಲವೇ ದಶಕಗಳಲ್ಲಿ ಅಲಂಕಾರದ ವಸ್ತುಗಳಾದವು. ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯ, ರಾಮನಗರದ ಜಾನಪದ ಲೋಕ ಮೊದಲಾದ ಸಂಸ್ಥೆಗಳು ಇಂಥ ವಸ್ತುಗಳನ್ನು ರಕ್ಷಿಸಿರುವುದು ಸ್ತುತ್ಯ. ಆದರೆ ಮನೆಯಲ್ಲಿ ಉಳಿದ ವಸ್ತುವಿನ ಹೆಸರನ್ನೂ, ಬಳಸುವ ಕ್ರಮವನ್ನೂ, ಬಳಸಿದ ಊರನ್ನೂ ಬಲ್ಲವರಿಂದಲೇ ಕೇಳಿ ಬರೆದಿಡುವುದು ಆಯಾ ಮನೆತನದ, ಊರಿನ, ಶಾಲೆಯ ಕೆಲಸ. ವಸ್ತು ಇನ್ನೂ ನೂರು ವರುಷ ಬಾಳೀತು; ಅದನ್ನು ಹಿಡಿದು ದುಡಿದ ಕೈಗಳು ಅಷ್ಟು ಕಾಲ ಕಾಯಲಾರವು.