ಅನುಕರಣಾವ್ಯಯ: ಸದ್ದಿಲ್ಲದ್ದಕ್ಕೂ ಒಂದು ಸದ್ದು

ಕೇಳಿದ ಧ್ವನಿಯನ್ನು ಕೇಳಿದ ಹಾಗೆಯೇ ನುಡಿದು ತೋರಿಸುವ ಪದಗಳನ್ನು ಕನ್ನಡ ವ್ಯಾಕರಣವು ಅನುಕರಣಾವ್ಯಯಗಳೆಂದು ಕರೆಯುತ್ತದೆ. ತೊರೆಯ ‘ಜುಳುಜುಳು’, ಹಕ್ಕಿಗಳ ‘ಚಿಲಿಪಿಲಿ’, ಒಗ್ಗರಣೆಯಲ್ಲಿ ಸಿಡಿಯುವ ಸಾಸಿವೆಯ ‘ಚಟಪಟ’ ಇದಕ್ಕೆ ಉದಾಹರಣೆಗಳು. ಲಿಂಗ, ವಚನ, ವಿಭಕ್ತಿಗಳಿಂದ ರೂಪಭೇದ ಹೊಂದದ ಕಾರಣ ಇವು ಅವ್ಯಯಗಳ ಗುಂಪಿಗೆ ಸೇರಿವೆ. 13ನೇ ಶತಮಾನದ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ಅವ್ಯಯಗಳಿಗೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ.

ಅರ್ಥವಿಲ್ಲದ ಧ್ವನಿಗಳ ಅನುಕರಣೆ ಎಂಬುದು ಇವುಗಳಿಗೆ ಶಾಲೆಯಲ್ಲಿ ಕಲಿಸುವ ವಿವರಣೆ. ಕನ್ನಡದ ಬಳಕೆಗೆ ಅದು ಸಾಲದು. ಬೆಳಗಿದ ಪಾತ್ರೆ ‘ಥಳಥಳ’ ಹೊಳೆಯುತ್ತದೆ. ಮಲ್ಲಿಗೆ ‘ಘಮಘಮ’ ಎನ್ನುತ್ತದೆ. ಗಾಯ ‘ಚುರುಚುರು’ ಉರಿಯುತ್ತದೆ. ದೂರದ ದೀಪ ‘ಮಿಣಮಿಣ’ ಮಿನುಗುತ್ತದೆ. ಇವುಗಳಲ್ಲಿ ಕಿವಿಗೆ ಬೀಳುವಂಥದ್ದು ಯಾವುದೂ ಇಲ್ಲ. ಕಣ್ಣು, ಮೂಗು, ಚರ್ಮಗಳ ಅನುಭವಕ್ಕೂ ಭಾಷೆ ಇಲ್ಲಿ ಧ್ವನಿರೂಪ ಕೊಟ್ಟಿದೆ. ಜಪಾನಿ ಭಾಷೆಯಲ್ಲಿ ಸದ್ದನ್ನು ಅನುಕರಿಸುವ ಪದಗಳಿಗೆ ‘ಗಿಯೋಂಗೊ’, ಸ್ಥಿತಿಯನ್ನು ಸೂಚಿಸುವವುಗಳಿಗೆ ‘ಗಿತೈಗೊ’ ಎಂಬ ಪ್ರತ್ಯೇಕ ಹೆಸರುಗಳಿವೆ. ನಮ್ಮಲ್ಲಿ ಎರಡಕ್ಕೂ ಒಂದೇ ಹೆಸರು.

ಇವು ಅರ್ಥವಿಲ್ಲದ ಪದಗಳೂ ಅಲ್ಲ. ‘ಪಟಕ್ಕನೆ’ ಎಂದರೆ ಒಮ್ಮೆಲೇ ನಡೆದ ಕ್ರಿಯೆ. ‘ಪಟಪಟನೆ’ ಎಂದರೆ ಮತ್ತೆ ಮತ್ತೆ, ವೇಗವಾಗಿ ನಡೆದದ್ದು. ‘ದಡಕ್ಕನೆ’ ಎದ್ದವನು ಬೇರೆ, ‘ದಡದಡನೆ’ ಮೆಟ್ಟಿಲಿಳಿದವನು ಬೇರೆ. ಮಳೆಯಂತೂ ‘ಜಿಟಿಜಿಟಿ’ ಹಿಡಿದರೆ ದಿನವಿಡೀ ಬಿಡದು, ‘ಟಪಟಪ’ ಎಂದರೆ ದಪ್ಪ ಹನಿ, ‘ಧೋ’ ಎಂದರೆ ಕೊಡೆ ಇದ್ದೂ ಉಪಯೋಗವಿಲ್ಲ. ನಮ್ಮ ವಾರ್ತಾವರದಿಗಳು ಇವೆಲ್ಲವನ್ನೂ ‘ನಿರಂತರ ಮಳೆ’, ‘ಭಾರಿ ಮಳೆ’ ಎಂಬೆರಡು ಮಾತುಗಳಲ್ಲಿ ಮುಗಿಸಿಬಿಡುತ್ತವೆ. ಅಲ್ಲಿ ನಷ್ಟವಾಗುವುದು ಅಲಂಕಾರವಲ್ಲ, ಮಾಹಿತಿ.

ಅನುವಾದದಲ್ಲಿಯೂ ಇದೇ ತೊಡಕು. ನೀರು ಕುಡಿಯುವ ರೀತಿಯನ್ನು ಇಂಗ್ಲಿಷ್ ಭಾಷೆ ಬೇರೆ ಬೇರೆ ಕ್ರಿಯಾಪದಗಳಿಂದ ಸೂಚಿಸುತ್ತದೆ. ಕನ್ನಡವು ‘ಕುಡಿ’ ಎಂಬ ಧಾತುವನ್ನು ಹಾಗೆಯೇ ಉಳಿಸಿಕೊಂಡು ‘ಗಟಗಟನೆ’ ಎಂಬುದನ್ನು ಅದರ ಮುಂದಿಡುತ್ತದೆ. ಅನುವಾದಕರು ಅದನ್ನು ಮರೆತು ‘ವೇಗವಾಗಿ ಕುಡಿದನು’ ಎಂದು ಬರೆದಾಗ ವಾಕ್ಯ ಸಪ್ಪೆಯಾಗುತ್ತದೆ.

ಈ ಪದಗಳಿಂದ ಕ್ರಿಯಾಪದಗಳೂ ನಾಮಪದಗಳೂ ಹುಟ್ಟಿವೆ. ಪಿಸುಗುಟ್ಟು, ಲೊಚಗುಟ್ಟು, ಥಳಥಳಿಸು ಮೊದಲಾದವು ಕ್ರಿಯಾಪದಗಳು. ಗಿರಗಿರ ತಿರುಗುವುದು ಗಿರಗಟ್ಲೆ. ‘ಕಾ ಕಾ’ ಎನ್ನುವುದು ಕಾಗೆ.

ಕೊಡವ, ತೋಡ ಮೊದಲಾದ ಭಾಷೆಗಳನ್ನು ಅಭ್ಯಸಿಸಿದ ಭಾಷಾವಿಜ್ಞಾನಿ ಎಂ.ಬಿ. ಎಮೆನೊ ಅವರು 1969ರ ಒಂದು ಪ್ರಬಂಧದಲ್ಲಿ ಇಂತಹ ಪದಗಳನ್ನು ಪರಿಶೀಲಿಸಿ, ದ್ರಾವಿಡ ಮತ್ತು ಇಂಡೋ-ಆರ್ಯ ಭಾಷೆಗಳೆರಡೂ ಇವನ್ನು ಹಂಚಿಕೊಂಡಿರುವುದನ್ನು ತೋರಿಸಿದರು. ಭಾರತವು ಒಂದು ಭಾಷಾವಲಯ ಎಂದು 1956ರಲ್ಲಿ ಅವರು ಮಂಡಿಸಿದ್ದ ವಾದಕ್ಕೆ ಇದು ಮತ್ತೊಂದು ಆಧಾರವಾಯಿತು. ಈ ಹಂಚಿಕೆ ಹೊಸ ಪದಗಳಲ್ಲಿಯೂ ಕಾಣುತ್ತದೆ. ಉತ್ತರ ಕರ್ನಾಟಕದ ಹಳಬರು ಮೋಟಾರ್ ಸೈಕಲ್ಲನ್ನು ‘ಫಟಫಟಿ’ ಎನ್ನುತ್ತಾರೆ. ಮರಾಠಿ, ಹಿಂದಿ ಮಾತನಾಡುವವರಿಗೂ ಆ ಹೆಸರು ಹೊಸದಲ್ಲ.