ಆಕಾಶದಿಂದ ಇಳಿದು ಬಂದ ಪಾಠ



ಮಕ್ಕಳ ವಿದ್ಯಾಭ್ಯಾಸದ ಮಾತು ಬಂದಾಗ ಇಂದು ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವುದು ಮೊಬೈಲ್, ಕಂಪ್ಯೂಟರ್, ಸ್ಮಾರ್ಟ್ ಕ್ಲಾಸ್‌ಗಳ ವಿಚಾರ. ನಾಗಮಂಗಲ ತಾಲ್ಲೂಕಿನ ದೇವಲಾಪುರದಂತಹ ಹೋಬಳಿ ಕೇಂದ್ರದ ತಂದೆತಾಯಿಗಳೂ ಇದಕ್ಕೆ ಹೊರತಲ್ಲ. ಇಂತಹ ಸೌಲಭ್ಯಗಳಿಲ್ಲದ ಶಾಲೆಯಲ್ಲಿ ಓದಿದರೆ ನಮ್ಮ ಮಗು ಹಿಂದುಳಿಯುವುದೇನೋ ಎಂಬ ಅಂಜಿಕೆ ಸಹಜವೇ. ಆದರೆ ಈ ಪ್ರಶ್ನೆ ಹೊಸದಲ್ಲ. ಐವತ್ತು ವರ್ಷಗಳ ಹಿಂದೆಯೇ ನಮ್ಮ ನಾಡು ಅದನ್ನು ಎದುರಿಸಿತ್ತು.

1969ರಲ್ಲಿ ವಿಕ್ರಮ್ ಸಾರಾಭಾಯಿ ಅವರ ಮುಂದಾಳತ್ವದಲ್ಲಿ ಭಾರತವು ಅಮೆರಿಕದ ನಾಸಾ ಸಂಸ್ಥೆಯೊಡನೆ ಒಂದು ಒಪ್ಪಂದ ಮಾಡಿಕೊಂಡಿತು. ಅದರಂತೆ ನಾಸಾದ ಎಟಿಎಸ್-6 ಉಪಗ್ರಹವು ಒಂದು ವರ್ಷದ ಮಟ್ಟಿಗೆ ನಮಗೆ ಎರವಲಾಗಿ ದೊರೆಯಿತು. 1975ರ ಆಗಸ್ಟ್ 1ರಂದು ಆರು ರಾಜ್ಯಗಳ 2,400 ಹಳ್ಳಿಗಳಿಗೆ ಪ್ರಸಾರ ಆರಂಭವಾಯಿತು. 'ಸೈಟ್' ಎಂದು ಹೆಸರಾದ ಈ ಪ್ರಯೋಗದಲ್ಲಿ ಕರ್ನಾಟಕದ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳಿದ್ದವು. ತಂತಿಬಲೆಯ ದೊಡ್ಡ ಕೊಡೆಯಂತಹ ಆಂಟೆನಾ, ಅದರ ಬಳಿ ಒಂದು ಟಿ.ವಿ. ಬೆಳಿಗ್ಗೆ ಶಾಲಾ ಮಕ್ಕಳಿಗೆ ಕನ್ನಡದಲ್ಲಿ ಇಪ್ಪತ್ತೆರಡೂವರೆ ನಿಮಿಷಗಳ ಕಾರ್ಯಕ್ರಮ. ಸಂಜೆ ಹಿರಿಯರಿಗೆ ಕೃಷಿ, ಆರೋಗ್ಯಗಳ ವಿಷಯ. ರಾಜಧಾನಿ ಬೆಂಗಳೂರಿಗೇ ಇನ್ನೂ ದೂರದರ್ಶನ ಬಂದಿರದ ಕಾಲದಲ್ಲಿ ಬಯಲುಸೀಮೆಯ ಹಳ್ಳಿಯ ಮಗು ಅದನ್ನು ಕಂಡಿತು!

1976ರ ಜುಲೈ 31ಕ್ಕೆ ಅವಧಿ ಮುಗಿಯಿತು. ಉಪಗ್ರಹವನ್ನು ಅದರ ಒಡೆಯರು ಹಿಂದಕ್ಕೆ ಪಡೆದರು. 1977ರಲ್ಲಿ ಗುಲ್ಬರ್ಗದಲ್ಲಿ ಪ್ರಸಾರ ಕೇಂದ್ರವೊಂದು ಆರಂಭವಾದರೂ, ಅದರ ವ್ಯಾಪ್ತಿಗೆ ಸಿಗದ ಹಳ್ಳಿಗಳ ಪಾಲಿಗೆ ಆ ಪರದೆ ಕತ್ತಲಾಯಿತು.

ಹಾಗಾದರೆ ಉಳಿದುದೇನು? ಆ ಪ್ರಯೋಗದ ಅವಧಿಯಲ್ಲೇ ಶಾಲೆಯ ರಜಾ ದಿನಗಳಲ್ಲಿ ಸಾವಿರಾರು ಪ್ರಾಥಮಿಕ ಶಿಕ್ಷಕರಿಗೆ ಇದೇ ಟಿ.ವಿ.ಯ ಮೂಲಕ ವಿಜ್ಞಾನ ಬೋಧನೆಯ ತರಬೇತಿಯನ್ನು ನೀಡಲಾಗಿತ್ತು. ಟಿ.ವಿ.ಯ ಜೊತೆಗೆ ಮುದ್ರಿತ ಪಾಠ, ಕೈಯಾರೆ ಮಾಡುವ ಪ್ರಯೋಗ, ಪರಸ್ಪರ ಚರ್ಚೆಗಳೂ ಸೇರಿದ್ದವು. ಉಪಗ್ರಹ ಮರಳಿ ಹೋದರೂ ಶಿಕ್ಷಕರು ಕಲಿತದ್ದನ್ನು ಯಾರೂ ಹಿಂದಕ್ಕೆ ಕೇಳುವಂತಿರಲಿಲ್ಲ.

ಮುಂದೆ ನಾವೇ ನಿರ್ಮಿಸಿದ 'ಎಜುಸ್ಯಾಟ್' ಉಪಗ್ರಹ 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟದಿಂದ ಹಾರಿತು. ಶಿಕ್ಷಣಕ್ಕಾಗಿಯೇ ಮೀಸಲಾದ ಭಾರತದ ಮೊದಲ ಉಪಗ್ರಹವದು. ನಮ್ಮ ನೆರೆಯ ಚಾಮರಾಜನಗರ ಜಿಲ್ಲೆಯ ಎಂಟುನೂರಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳಿಗೆ ಅದರ ಪಾಠಗಳು ತಲುಪಿದವು. ಆದರೆ ಆ ಶಾಲೆಗಳಿಗಿದ್ದುದು ನೋಡಿ ಕೇಳುವ ಸೌಲಭ್ಯ ಮಾತ್ರ. ಅರ್ಥವಾಗದ ಮಗು ಪರದೆಯನ್ನು ಪ್ರಶ್ನಿಸಲಾಗದು. ಪಕ್ಕದಲ್ಲಿರುವ ಶಿಕ್ಷಕರನ್ನೇ ಕೇಳಬೇಕು. 2010ರಲ್ಲಿ ಆ ಉಪಗ್ರಹದ ಆಯುಷ್ಯವೂ ಮುಗಿಯಿತು.

2020ರ ಕೊರೋನಾ ಕಾಲ ನಮ್ಮೆಲ್ಲರ ನೆನಪಿನಲ್ಲಿದೆ. ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಬಂದವು. 'ವಿದ್ಯಾಗಮ' ಯೋಜನೆಯಲ್ಲಿ ಮಕ್ಕಳನ್ನು ಸ್ಮಾರ್ಟ್‌ಫೋನ್ ಉಳ್ಳವರು, ಸಾಧಾರಣ ಫೋನ್ ಉಳ್ಳವರು, ಯಾವುದೂ ಇಲ್ಲದವರು ಎಂದು ವಿಂಗಡಿಸಲಾಯಿತು. ಒಂದೇ ಬೆಂಚಿನಲ್ಲಿ ಕುಳಿತಿದ್ದ ಮಕ್ಕಳ ನಡುವೆ ಎಷ್ಟು ಅಂತರವಿತ್ತು ಎಂಬುದು ಆಗ ಬಯಲಾಯಿತು. ಆ ಅಂತರವನ್ನು ತುಂಬಲು ಶಿಕ್ಷಕರು ಮಕ್ಕಳಿದ್ದಲ್ಲಿಗೇ ಹೋಗಿ, ಮರದ ನೆರಳಿನಲ್ಲಿ, ಗುಡಿಯ ಜಗುಲಿಯಲ್ಲಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು.

ಆದುದರಿಂದ ಯಂತ್ರವನ್ನು ಹಳಿಯುವುದು ಸಲ್ಲದು. ಕುಗ್ರಾಮದ ಮಗುವಿಗೆ ಅದು ಲೋಕದ ಬಾಗಿಲನ್ನು ತೆರೆದಿದೆ. ಆದರೆ ಬಾಗಿಲು ತೆರೆದ ಮಾತ್ರಕ್ಕೆ ಮಗು ಒಳಗೆ ಹೋಗುವುದಿಲ್ಲ. ಕೈಹಿಡಿದು ನಡೆಸುವವರು ಬೇಕು. ನಿಮ್ಮೂರಿನ ಶಾಲೆಗೆ ಹೋದಾಗ ಎಷ್ಟು ಕಂಪ್ಯೂಟರ್‌ಗಳಿವೆ ಎಂದು ಅವಶ್ಯ ಕೇಳಿರಿ. ಅದರೊಡನೆ ಎಷ್ಟು ಶಿಕ್ಷಕರಿದ್ದಾರೆ, ಅವರಿಗೆ ದೊರೆತ ತರಬೇತಿಯೇನು, ಮನೆಯಲ್ಲಿ ಫೋನ್ ಇಲ್ಲದ ಮಗುವಿನ ಗತಿಯೇನು ಎಂದೂ ಕೇಳಿರಿ. ಈ ಐವತ್ತು ವರ್ಷಗಳ ಚರಿತ್ರೆ ನಮ್ಮಿಂದ ನಿರೀಕ್ಷಿಸುವುದು ಇಷ್ಟನ್ನೇ.